ಮೂರು ನಕಲು, ನಾಲ್ಕು ರ‍್ಯಾಕ್: ಹಂಚಿಕೆಯ ಸ್ಟೋರೇಜ್‌ಗೆ ನೆಟ್‌ವರ್ಕ್ ಕಟ್ಟಿದ ಟಿಪ್ಪಣಿ

ಹಳೆಯ ನೆಟ್‌ವರ್ಕ್ ಕೈಕೊಟ್ಟಿದ್ದು ಒಂದು ಸ್ಟೋರೇಜ್ ನೋಡ್ (ಡಿಸ್ಕ್‌ಗಳನ್ನು ಹೊತ್ತ ಸರ್ವರ್) ಸತ್ತ ರಾತ್ರಿ. ನೋಡ್ ಸಾಯುವುದು ದೊಡ್ಡ ವಿಷಯವಲ್ಲ, ಮೂರು ನಕಲು ಇಟ್ಟಿರುವುದೇ ಅದಕ್ಕೆ. ಆದರೆ ಕಳೆದುಹೋದ ನಕಲುಗಳನ್ನು ಉಳಿದ ನೋಡ್‌ಗಳು ಮತ್ತೆ ಬರೆಯಲು ಶುರುಮಾಡಿ ಹತ್ತು ನಿಮಿಷವಾಗುವಷ್ಟರಲ್ಲಿ ವರ್ಚುವಲ್ ಮಷೀನ್‌ಗಳೆಲ್ಲ ನಿಂತಲ್ಲೇ ನಿಂತವು. ಒಂದು ಬೈಟ್ ಡೇಟಾ ಕೂಡ ಹೋಗಲಿಲ್ಲ. ಆದರೆ ಡಿಸ್ಕ್‌ನಿಂದ ಉತ್ತರ ಬರಲಿ ಎಂದು ಕಾದು ಕಾದು ಡೇಟಾಬೇಸ್‌ಗಳು ಒಂದೊಂದಾಗಿ ಸೋತವು. ಡಿಸ್ಕ್‌ಗಳನ್ನು ನೋಡಿದರೆ ಅವುಗಳಿಗೆ ಕೆಲಸವೇ ಇರಲಿಲ್ಲ. ಸಿಪಿಯು ಕೂಡ ಖಾಲಿ. ತುಂಬಿ ತುಳುಕುತ್ತಿದ್ದದ್ದು ರ‍್ಯಾಕ್‌ನಿಂದ ಮೇಲಕ್ಕೆ ಹೋಗುವ ತಂತಿ ಮಾತ್ರ.

ಪ್ರತಿ ರ‍್ಯಾಕ್‌ನಿಂದ ಎಲ್ಲವನ್ನೂ ಜೋಡಿಸುವ ಎರಡು ಕೋರ್ ಸ್ವಿಚ್‌ಗಳಿಗೆ ಒಂದೊಂದು 40 ಜಿ (ಸೆಕೆಂಡಿಗೆ 40 ಗಿಗಾಬಿಟ್) ಲಿಂಕ್ ಹಾಕಿದ್ದೆವು. ಕಾಗದದ ಮೇಲೆ 80 ಜಿ. ನಡುವೆ ಸ್ಪ್ಯಾನಿಂಗ್ ಟ್ರೀ ಇತ್ತು. 1985ರಲ್ಲಿ ರೇಡಿಯಾ ಪರ್ಲ್‌ಮನ್ ರೂಪಿಸಿದ ಈ ವಿಧಾನ ಸುತ್ತಿ ಮತ್ತೆ ಅಲ್ಲಿಗೇ ಬಂದು ಸೇರುವ ದಾರಿಗಳನ್ನು ಮುಚ್ಚಿ ನೆಟ್‌ವರ್ಕ್ ಅನ್ನು ಒಂದು ಮರದ ಆಕಾರಕ್ಕೆ ತರುತ್ತದೆ. ಹಾಗೆ ತರುವಾಗ ನಮ್ಮ ಎರಡು ಲಿಂಕ್‌ಗಳಲ್ಲಿ ಒಂದನ್ನು ಮುಚ್ಚಿಟ್ಟಿತ್ತು. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು, ತಪ್ಪು ಇದ್ದದ್ದು ನಮ್ಮ ವಿನ್ಯಾಸದಲ್ಲಿ. ಇಡೀ ರ‍್ಯಾಕ್‌ಗೆ ಉಳಿದದ್ದು 40 ಜಿ, ಅಂದರೆ ಸೆಕೆಂಡಿಗೆ 5 ಗಿಗಾಬೈಟ್. ನಕಲುಗಳನ್ನು ಮತ್ತೆ ಬರೆಯುವ ರೀಬಿಲ್ಡ್‌ಗೂ ಬಳಕೆದಾರರಿಗೂ ಅದೇ ದಾರಿ.

ಮರುದಿನವೇ ಹೊಸದನ್ನು ಕಟ್ಟುವ ತೀರ್ಮಾನವಾಯಿತು. ಮುಂದಿನ ಟಿಪ್ಪಣಿ ಆ ಕೆಲಸದ್ದು.

ಮೊದಲು ಲೆಕ್ಕ

ಸ್ವಿಚ್ ಕೊಳ್ಳುವ ಮಾತಿಗೆ ಮುಂಚೆ ಬಿಳಿ ಹಲಗೆಯ ಮುಂದೆ ಎರಡು ದಿನ ಕಳೆದೆವು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಎರಡು ದಿನ ಅವೇ ಎಂದು ಈಗಲೂ ಅನಿಸುತ್ತದೆ.

ನಮ್ಮದು ಸೆಫ್ (ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಒಂದೇ ಸ್ಟೋರೇಜ್ ಆಗಿಸುವ ಸಾಫ್ಟ್‌ವೇರ್) ಕ್ಲಸ್ಟರ್. ನಾಲ್ಕು ರ‍್ಯಾಕ್, ಪ್ರತಿ ರ‍್ಯಾಕ್‌ನಲ್ಲಿ 6 ಸ್ಟೋರೇಜ್ ನೋಡ್, ವರ್ಚುವಲ್ ಮಷೀನ್‌ಗಳು ಓಡುವ 26 ಕಂಪ್ಯೂಟ್ ನೋಡ್. ಮೂರು ನಕಲುಗಳು ಮೂರು ಬೇರೆ ಬೇರೆ ರ‍್ಯಾಕ್‌ನಲ್ಲಿ ಇರಬೇಕು ಎಂಬುದು ನಿಯಮ. ಇಷ್ಟು ಗೊತ್ತಿದ್ದರೆ ರ‍್ಯಾಕ್‌ಗಳ ನಡುವಿನ ಟ್ರಾಫಿಕ್ ಎಷ್ಟೆಂದು ಕೂಡಿಸಬಹುದು. ಬಳಕೆದಾರ ಸೆಕೆಂಡಿಗೆ 1 ಗಿಗಾಬೈಟ್ ಬರೆಯುತ್ತಾನೆ ಎಂದುಕೊಳ್ಳಿ. ಅದು ಮೊದಲು ಹೋಗುವುದು ಪ್ರೈಮರಿ ನೋಡ್‌ಗೆ. ಆ ನೋಡ್ ಬರೆಯುವವನ ರ‍್ಯಾಕ್‌ನಲ್ಲೇ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಹೊರಗಿರುವ ಸಾಧ್ಯತೆ ನಾಲ್ಕರಲ್ಲಿ ಮೂರು. ಹಾಗಾಗಿ ಸರಾಸರಿ 0.75 ಗಿಗಾಬೈಟ್ ರ‍್ಯಾಕ್ ದಾಟುತ್ತದೆ. ಆಮೇಲೆ ಪ್ರೈಮರಿ ಅದನ್ನು ಇನ್ನೆರಡು ರ‍್ಯಾಕ್‌ಗೆ ಕಳಿಸುತ್ತದೆ. ಅಲ್ಲಿ ಸಾಧ್ಯತೆಯ ಮಾತಿಲ್ಲ, 2 ಗಿಗಾಬೈಟ್ ದಾಟಲೇಬೇಕು. ಒಟ್ಟು 2.75. ಬಳಕೆದಾರನ ಗ್ರಾಫ್‌ನಲ್ಲಿ ಒಂದು ಕಂಡರೆ ರ‍್ಯಾಕ್‌ಗಳ ನಡುವೆ ಹರಿಯುವುದು ಎರಡೂ ಮುಕ್ಕಾಲು.

ಇನ್ನು ರೀಬಿಲ್ಡ್. ಒಂದು ನೋಡ್‌ನಲ್ಲಿ 7.68 ಟೆರಾಬೈಟ್‌ನ 10 ಡ್ರೈವ್, ಒಟ್ಟು 76.8 ಟೆರಾಬೈಟ್. ಶೇ 70ರಷ್ಟು ತುಂಬಿದ್ದರೆ ಸುಮಾರು 54 ಟೆರಾಬೈಟ್ ಮತ್ತೆ ಬರೆಯಬೇಕು. ಇಲ್ಲೊಂದು ವಿಷಯ ನಮಗೆ ತಡವಾಗಿ ಹೊಳೆಯಿತು. ಉಳಿದಿರುವ ಎರಡು ನಕಲು ಎರಡು ರ‍್ಯಾಕ್‌ನಲ್ಲಿವೆ, ಹೊಸ ನಕಲು ಹೋಗಬೇಕಾದ್ದು ನಕಲು ಇಲ್ಲದ ರ‍್ಯಾಕ್‌ಗೆ. ಹಾಗಾದರೆ ರೀಬಿಲ್ಡ್‌ನ ಪ್ರತಿಯೊಂದು ಬೈಟ್ ಕೂಡ ರ‍್ಯಾಕ್ ದಾಟುತ್ತದೆ. ಒಳಗೊಳಗೇ ಮುಗಿಯುವ ಪಾಲು ಸೊನ್ನೆ. ಮಿಕ್ಕ 23 ನೋಡ್‌ಗಳು ತಲಾ 5 ಜಿ ವೇಗದಲ್ಲಿ ಸ್ವೀಕರಿಸಿದರೆ 115 ಜಿ, ಸೆಕೆಂಡಿಗೆ 14 ಗಿಗಾಬೈಟ್‌ಗೆ ಸ್ವಲ್ಪ ಮೇಲೆ. 54 ಟೆರಾಬೈಟ್ ಮುಗಿಯಲು ಒಂದು ಗಂಟೆ ಚಿಲ್ಲರೆ. ಆ ಒಂದು ಗಂಟೆ ಬಳಕೆದಾರರಿಗೆ ಏನೂ ಗೊತ್ತಾಗಬಾರದು. ಹೊಸ ನೆಟ್‌ವರ್ಕ್‌ನ ಅಳತೆಗೋಲಾಗಿ ನಾವು ಇಟ್ಟುಕೊಂಡದ್ದು ಇದೊಂದನ್ನೇ. ಸರಾಸರಿ ದಿನದ ಗ್ರಾಫ್ ನೋಡಿ ಅಳೆದಿದ್ದರೆ ಇದರ ಕಾಲು ಭಾಗವೂ ಬೇಕೆನಿಸುತ್ತಿರಲಿಲ್ಲ.

ಸ್ವಿಚ್, ತಂತಿ, ಬಿಜಿಪಿ

ಆಕಾರ ಹೊಸದೇನಲ್ಲ. ಟೆಲಿಫೋನ್ ವಿನಿಮಯ ಕೇಂದ್ರಗಳಿಗಾಗಿ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಕ್ಲೋ 1953ರಲ್ಲಿ ಲೆಕ್ಕ ಹಾಕಿ ತೋರಿಸಿದ್ದ ಹಲವು ಹಂತದ ಜಾಲವೇ ಇವತ್ತಿನ ಲೀಫ್–ಸ್ಪೈನ್. ಲೀಫ್ ಎಂದರೆ ಸರ್ವರ್‌ಗಳು ಬಂದು ಸೇರುವ ಸ್ವಿಚ್, ಸ್ಪೈನ್ ಎಂದರೆ ಲೀಫ್‌ಗಳನ್ನು ಒಂದಕ್ಕೊಂದು ಜೋಡಿಸುವ ಮೇಲಿನ ಸ್ವಿಚ್. ಸಣ್ಣ, ಒಂದೇ ತರಹದ ಸ್ವಿಚ್‌ಗಳನ್ನು ಪದರ ಪದರವಾಗಿ ಜೋಡಿಸಿ ದೊಡ್ಡ ಸ್ವಿಚ್ಚಿನ ಕೆಲಸ ತೆಗೆಯುವುದು ಅದರ ಮೂಲ. ಸಾಮಾನ್ಯ 48 ಪೋರ್ಟ್ ಸ್ವಿಚ್‌ಗಳಿಂದಲೇ 27,648 ಸರ್ವರ್‌ಗಳನ್ನು ಜೋಡಿಸಬಹುದು ಎಂದು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ತೋರಿಸಿದರು. ನಮಗೆ ಬೇಕಾದದ್ದು 128 ಸರ್ವರ್.

ಪ್ರತಿ ರ‍್ಯಾಕ್‌ಗೆ ಎರಡು ಲೀಫ್, ಪ್ರತಿ ಸರ್ವರ್‌ನಿಂದ ಎರಡಕ್ಕೂ ಒಂದೊಂದು 25 ಜಿ. ಲೀಫ್‌ನಲ್ಲಿ 25 ಜಿಯ 48 ಪೋರ್ಟ್, 100 ಜಿಯ 8 ಪೋರ್ಟ್. ಸ್ಪೈನ್ ನಾಲ್ಕು, ಒಂದೊಂದರಲ್ಲಿ 100 ಜಿಯ 32 ಪೋರ್ಟ್. ಲೀಫ್‌ನ ಕೆಳಗೆ 32 ಸರ್ವರ್, ಅಂದರೆ 800 ಜಿ. ಮೇಲಕ್ಕೆ ನಾಲ್ಕು ಸ್ಪೈನ್‌ಗೂ ಒಂದೊಂದು ಲಿಂಕ್, 400 ಜಿ. ಕೆಳಗಿನ ಎರಡಕ್ಕೆ ಮೇಲೆ ಒಂದು.

ಲೀಫ್‌ನ ಉಳಿದ ನಾಲ್ಕು ಅಪ್‌ಲಿಂಕ್ (ಮೇಲಕ್ಕೆ ಹೋಗುವ 100 ಜಿ ಪೋರ್ಟ್) ಏನು ಮಾಡುವುದು ಎಂಬ ಚರ್ಚೆ ಜೋರಾಗಿಯೇ ನಡೆಯಿತು. ಅದೇ ಸ್ಪೈನ್‌ಗಳಿಗೆ ಎರಡನೇ ಲಿಂಕ್ ಎಳೆದುಬಿಡೋಣ, ಒಂದಕ್ಕೊಂದು ಆಗುತ್ತದೆ ಎಂದು ಸ್ಟೋರೇಜ್ ತಂಡದವರು ಪಟ್ಟು ಹಿಡಿದರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಸ್ಪೈನ್‌ನ 32 ಪೋರ್ಟ್‌ಗಳು 16 ಲೀಫ್‌ಗೇ ಮುಗಿದುಹೋಗುತ್ತವೆ, 8 ರ‍್ಯಾಕ್‌ಗೆ ಗೋಡೆ ಎದುರಾಗುತ್ತದೆ. ಖಾಲಿ ಬಿಟ್ಟರೆ ಬೆಳೆಯಲು ಎರಡು ದಾರಿ ತೆರೆದಿರುತ್ತವೆ. ರ‍್ಯಾಕ್ ಬೇಕಾದಾಗ ಸ್ಪೈನ್‌ನ ಖಾಲಿ ಪೋರ್ಟ್‌ಗೆ ಹೊಸ ಲೀಫ್, 16 ರ‍್ಯಾಕ್‌ವರೆಗೆ. ಅಗಲ ಬೇಕಾದಾಗ ಲೀಫ್‌ನ ಖಾಲಿ ಪೋರ್ಟ್‌ಗೆ ಹೊಸ ಸ್ಪೈನ್, ನಾಲ್ಕರಿಂದ ಎಂಟರವರೆಗೆ. ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಸ್ಟೋರೇಜ್ ನೋಡ್‌ಗಳಷ್ಟೇ ನೋಡಿದರೆ ರ‍್ಯಾಕ್‌ಗೆ 300 ಜಿ, ಎರಡು ಲೀಫ್‌ನ ಅಪ್‌ಲಿಂಕ್ ಸೇರಿ 800 ಜಿ. ಒಂದು ಸ್ಪೈನ್ ಸತ್ತರೂ 600 ಉಳಿಯುತ್ತದೆ. ಈ ಲೆಕ್ಕ ಬರೆದು ತೋರಿಸಿದ ಮೇಲೆ ಅವರೂ ಸುಮ್ಮನಾದರು.

ಸಿಪಿಯುವನ್ನು ತೊಡಗಿಸದೆ ಒಂದು ಸರ್ವರ್‌ನ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ನೇರವಾಗಿ ಡೇಟಾ ಸಾಗಿಸುವ ಆರ್‌ಡಿಎಂಎ ಬೇಡ ಎಂದದ್ದೂ ಇದೇ ಹೊತ್ತಿಗೆ. ಈಥರ್ನೆಟ್ ಮೇಲೆ ಅದನ್ನು ಓಡಿಸಲು ಸಾಮಾನ್ಯವಾಗಿ ಪ್ಯಾಕೆಟ್ ಬೀಳದಂತೆ ‘ಪಾಜ್’ ಫ್ರೇಮ್‌ಗಳನ್ನು ಬಳಸುತ್ತಾರೆ. ಒಂದು ಪೋರ್ಟ್ ತುಂಬಿದರೆ ಅದು ಹಿಂದಿನ ಸ್ವಿಚ್‌ಗೆ ‘ನಿಲ್ಲಿಸು’ ಎನ್ನುತ್ತದೆ, ಅದು ತನ್ನ ಹಿಂದಿನದಕ್ಕೆ. ಒಂದು ಕೆಟ್ಟ ಕಾರ್ಡ್‌ನಿಂದ ಸಂಬಂಧವೇ ಇಲ್ಲದ ರ‍್ಯಾಕ್‌ಗಳೂ ನಿಲ್ಲಬಹುದು. ಹತ್ತಾರು ತಂಡಗಳು ಹಂಚಿಕೊಳ್ಳುವ ಸ್ಟೋರೇಜ್‌ಗೆ ಆ ಅಪಾಯ ನನಗೆ ಒಪ್ಪಿಗೆಯಾಗಲಿಲ್ಲ. ಪ್ಯಾಕೆಟ್ ಬಿದ್ದರೆ ಎತ್ತಿಕೊಳ್ಳುವ ಸಾದಾ ಟಿಸಿಪಿಯೇ ಇರಲಿ ಎಂದೆವು.

ರೂಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಪ್ಯಾನಿಂಗ್ ಟ್ರೀ ಬೇಕಾಗುವ ಲೇಯರ್ 2 ಜೋಡಣೆ ಎಲ್ಲೂ ಇಲ್ಲ. ಸರ್ವರ್‌ನ ಒಳಗೂ ಎಫ್‌ಆರ್‌ಆರ್ (ರೂಟಿಂಗ್ ಸಾಫ್ಟ್‌ವೇರ್) ಹಾಕಿ ಬಿಜಿಪಿ (ಯಾವ ವಿಳಾಸಕ್ಕೆ ಯಾವ ದಾರಿ ಎಂದು ಪರಸ್ಪರ ತಿಳಿಸಿಕೊಳ್ಳುವ ಪ್ರೋಟೋಕಾಲ್) ಓಡಿಸಿದೆವು, ಸರ್ವರ್‌ನ ವಿಳಾಸ ಯಾವ ತಂತಿಗೂ ಅಂಟದ ಅದರ ಲೂಪ್‌ಬ್ಯಾಕ್‌ನಲ್ಲಿ. 2016ರ ಆರ್‌ಎಫ್‌ಸಿ 7938 (ಇಂಟರ್ನೆಟ್ ವಿಧಾನಗಳ ದಾಖಲೆಗಳಲ್ಲೊಂದು) ಹೇಳುವಂತೆ ಸ್ಪೈನ್‌ಗಳಿಗೆಲ್ಲ ಒಂದೇ ಎಎಸ್ ನಂಬರ್ (ಬಿಜಿಪಿಯ ಗುರುತಿನ ಸಂಖ್ಯೆ), ಲೀಫ್‌ಗಳಿಗೆ ಬೇರೆ ಬೇರೆ. 4200000000ರಿಂದ ಶುರುವಾಗುವ ಖಾಸಗಿ ಶ್ರೇಣಿ ಬಳಸಿದ್ದರಿಂದ ನಂಬರ್ ಮುಗಿಯುವ ಚಿಂತೆ ಇಲ್ಲ. ಲಿಂಕ್‌ಗಳಿಗೆ ಐಪಿ ವಿಳಾಸ ಕೊಡಲಿಲ್ಲ, ಐಪಿವಿ6ನಲ್ಲಿ ತಾನಾಗಿ ಬರುವ ಲಿಂಕ್-ಲೋಕಲ್ ವಿಳಾಸದ ಮೇಲೇ ಸೆಷನ್. ಹಾಗಾಗಿ ಎಲ್ಲ ಲೀಫ್‌ಗಳ ಕಾನ್ಫಿಗರೇಷನ್ ಎಎಸ್ ನಂಬರ್ ಮತ್ತು ಲೂಪ್‌ಬ್ಯಾಕ್ ಬಿಟ್ಟರೆ ಅಕ್ಷರಶಃ ಒಂದೇ. ಒಂದೇ ಒಂದು ಎಚ್ಚರಿಕೆ: ಎರಡು ಲೀಫ್‌ಗೆ ಎಎಸ್ ನಂಬರ್ ಬೇರೆ ಇರುವುದರಿಂದ ಮಲ್ಟಿಪಾತ್-ರಿಲ್ಯಾಕ್ಸ್ ಎಂಬ ಆಯ್ಕೆ ಹಾಕದಿದ್ದರೆ ಸ್ಪೈನ್ ಎರಡರಲ್ಲಿ ಒಂದನ್ನೇ ಆರಿಸಿಕೊಂಡು ಕೂರುತ್ತದೆ.

ಅರ್ಧ ತಂತಿ ಯಾಕೆ ಖಾಲಿ?

ತಂತಿ ಎಳೆದು, ಲೇಬಲ್ ಅಂಟಿಸಿ, ಸೆಷನ್‌ಗಳೆಲ್ಲ ಮೇಲೆ ಬಂದ ದಿನ ಎರಡು ಸರ್ವರ್‌ಗಳ ನಡುವೆ ಎಂಟು ಸಮಾನಾಂತರ ಹರಿವು ಹಾಕಿ ಅಳೆದೆವು. 50 ಜಿ ಬರಬೇಕಿತ್ತು. ಬಂದದ್ದು 24 ಚಿಲ್ಲರೆ. ಎಷ್ಟು ಸಲ ಮಾಡಿದರೂ ಅಷ್ಟೇ.

ಕಾರಣ ಲಿನಕ್ಸ್‌ನಲ್ಲೇ ಇತ್ತು. ಐಪಿವಿ4 ದಾರಿಗಳು ಎರಡಿದ್ದಾಗ ಯಾವುದರಲ್ಲಿ ಕಳಿಸಬೇಕೆಂದು ಅದು ಹ್ಯಾಶ್ ಮಾಡುತ್ತದೆ, ಅಂದರೆ ಪ್ಯಾಕೆಟ್‌ನ ವಿವರಗಳಿಂದ ಒಂದು ಸಂಖ್ಯೆ ಲೆಕ್ಕ ಹಾಕುತ್ತದೆ. ಡೀಫಾಲ್ಟ್ ಆಗಿ ಆ ಹ್ಯಾಶ್‌ಗೆ ತೆಗೆದುಕೊಳ್ಳುವುದು ಕಳಿಸುವವನ ಮತ್ತು ಪಡೆಯುವವನ ಐಪಿ ವಿಳಾಸ ಮಾತ್ರ. ಪೋರ್ಟ್ ನಂಬರ್ ಲೆಕ್ಕಕ್ಕಿಲ್ಲ. ಹಾಗಾಗಿ ಇಬ್ಬರ ನಡುವೆ ಎಷ್ಟೇ ಕನೆಕ್ಷನ್ ಇದ್ದರೂ ಒಂದೇ ತಂತಿ. ಫಿಬ್ ಮಲ್ಟಿಪಾತ್ ಹ್ಯಾಶ್ ಪಾಲಿಸಿ ಎಂಬ ಸೆಟ್ಟಿಂಗನ್ನು 0ಯಿಂದ 1ಕ್ಕೆ ಬದಲಿಸಿದ ಕೂಡಲೇ 47 ಜಿ ದಾಟಿತು.

ಇದಾದ ಮೇಲೆ ನಿರಾಳವಾಗಿದ್ದೆ. ಎಲ್ಲ ಸರ್ವರ್‌ಗಳಿಂದಲೂ ಒಟ್ಟಿಗೆ ಹರಿವು ಹಾಕಿ ಸ್ಪೈನ್‌ಗಳ ಪೋರ್ಟ್ ಗ್ರಾಫ್ ತೆರೆದಾಗ ಅದೂ ಹೋಯಿತು. ಒಂದನೇ ಸ್ಪೈನ್‌ನಿಂದ ಎರಡನೇ ಲೀಫ್‌ಗೆ ಹೋಗುವ ಪೋರ್ಟ್ ಕಿಕ್ಕಿರಿದಿದೆ, ಅದರ ಪಕ್ಕದ ಒಂದನೇ ಲೀಫ್‌ನ ಪೋರ್ಟ್ ಬಹುಪಾಲು ಖಾಲಿ. ಎರಡನೇ ಸ್ಪೈನ್‌ನಲ್ಲಿ ಇದರ ತಿರುವುಮುರುವು. ಮೂರನೆಯದು ಒಂದನೆಯದರಂತೆ, ನಾಲ್ಕನೆಯದು ಎರಡನೆಯದರಂತೆ. ಚದುರಂಗದ ಹಾಸಿನ ಹಾಗೆ ಒಂದು ಬಿಟ್ಟು ಒಂದು.

ಆ ಚಿತ್ರವೇ ಉತ್ತರ ಹೇಳುತ್ತಿತ್ತು. ಲೀಫ್ ಒಂದು ಪ್ಯಾಕೆಟ್‌ನ ಹ್ಯಾಶ್ ತೆಗೆದು ನಾಲ್ಕರಿಂದ ಭಾಗಿಸಿ ಉಳಿದ ಶೇಷದಂತೆ ಸ್ಪೈನ್ ಆರಿಸುತ್ತದೆ. ಸ್ಪೈನ್ ಮತ್ತೆ ಹ್ಯಾಶ್ ತೆಗೆದು ಎರಡರಿಂದ ಭಾಗಿಸಿ ರ‍್ಯಾಕ್‌ನ ಎರಡು ಲೀಫ್‌ಗಳಲ್ಲಿ ಒಂದನ್ನು ಆರಿಸುತ್ತದೆ. ಎರಡೂ ಕಡೆ ಒಂದೇ ಚಿಪ್, ಒಂದೇ ಸೂತ್ರ, ಒಂದೇ ಸೀಡ್ (ಹ್ಯಾಶ್ ಶುರುವಾಗುವ ಅಂಕಿ). ಬೆಸ ಶೇಷದ ಹರಿವುಗಳು ಮಾತ್ರ ಬಂದು ಸೇರುವ ಸ್ಪೈನ್‌ನಲ್ಲಿ ಎರಡರಿಂದ ಭಾಗಿಸಿದರೆ ಉತ್ತರ ಯಾವಾಗಲೂ ಬೆಸವೇ. ಹಾಗಾಗಿ ಅಲ್ಲಿ ಆಯ್ಕೆ ನಡೆಯುತ್ತಲೇ ಇರಲಿಲ್ಲ. ಸ್ಪೈನ್‌ಗಳ ಹ್ಯಾಶ್ ಸೀಡ್ ಬೇರೆ ಮಾಡಿದೆವು. ಐದು ನಿಮಿಷದಲ್ಲಿ ಎಂಟೂ ಗೆರೆಗಳು ಒಂದರ ಮೇಲೊಂದು ಬಂದು ಕೂತವು. ನೆಟ್‌ವರ್ಕ್ ಕಟ್ಟುವವರು ಇದೊಂದು ಗ್ರಾಫನ್ನಾದರೂ ಭಾರ ಹಾಕುವ ಮುನ್ನ ನೋಡಲೇಬೇಕು. ಒಟ್ಟು ಮೊತ್ತದ ಗ್ರಾಫ್‌ನಲ್ಲಿ ಈ ತೊಂದರೆ ಕಾಣುವುದೇ ಇಲ್ಲ.

ಎಂಟಿಯು

ಮೂರನೇ ವಾರ ಒಂದು ಸ್ಪೈನ್ ಬದಲಿಸಿದ ಸಂಜೆ ಜೊತೆಗಾರನ ಫೋನ್. “ಸರ್, ಪಿಂಗ್ ಹೋಗ್ತಿದೆ, ಬಿಜಿಪಿನೂ ಮೇಲಿದೆ. ಆದ್ರೂ ಓಎಸ್‌ಡಿಗಳು ಒಂದನ್ನೊಂದು ಡೌನ್ ಅಂತಿವೆ.”

“ಎಷ್ಟು ದೊಡ್ಡ ಪಿಂಗ್ ಕಳಿಸಿದ್ರಿ?”

ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ನಂತರ ಕೀಬೋರ್ಡ್ ಸದ್ದು.

ಓಎಸ್‌ಡಿ ಎಂದರೆ ಒಂದೊಂದು ಡ್ರೈವ್ ನೋಡಿಕೊಳ್ಳುವ ಸೆಫ್‌ನ ಪ್ರೋಗ್ರಾಂ. ಎಂಟಿಯು ಎಂದರೆ ಒಂದು ಸಲಕ್ಕೆ ಕಳಿಸಬಹುದಾದ ಪ್ಯಾಕೆಟ್‌ನ ಗರಿಷ್ಠ ಅಳತೆ. ಅದು ಸರ್ವರ್‌ಗಳಲ್ಲಿ 9000 ಬೈಟ್, ಸ್ವಿಚ್‌ಗಳಲ್ಲಿ 9216 ಎಂಬುದು ನಮ್ಮ ನಿಯಮ. ಹೊಸ ಸ್ಪೈನ್‌ನ ಒಂದೇ ಒಂದು ಪೋರ್ಟ್ 1500ರಲ್ಲೇ ಉಳಿದಿತ್ತು. ಲೀಫ್ ದೊಡ್ಡ ಫ್ರೇಮ್ ಕಳಿಸುತ್ತದೆ, ಸ್ಪೈನ್ ಸದ್ದಿಲ್ಲದೆ ಎಸೆಯುತ್ತದೆ. ನಾಲ್ಕು ದಾರಿಗಳಲ್ಲಿ ಒಂದು ಮಾತ್ರ ಹೀಗಿದ್ದರಿಂದ ಕೆಲವು ಕನೆಕ್ಷನ್ ಸರಿ, ಕೆಲವು ಸತ್ತವು. ‘ಬದುಕಿದ್ದೇನೆ’ ಎನ್ನುವ ಹಾರ್ಟ್‌ಬೀಟ್ ಸಂದೇಶವನ್ನು ಸೆಫ್ ಬೇಕೆಂದೇ ಕನಿಷ್ಠ 2000 ಬೈಟ್‌ಗೆ ಉಬ್ಬಿಸಿ ಕಳಿಸುತ್ತದೆ, ಅದಕ್ಕೇ ಇಷ್ಟು ಬೇಗ ಸಿಕ್ಕಿಬಿತ್ತು. ಆ ವ್ಯವಸ್ಥೆ ಮಾಡಿದವರಿಗೆ ಮನಸಾರೆ ವಂದನೆ. ಈಗ ಏನೇ ಬದಲಿಸಿದರೂ 128 ಸರ್ವರ್‌ಗಳೂ ಒಂದಕ್ಕೊಂದು 8972 ಬೈಟ್‌ನ ಪಿಂಗನ್ನು ತುಂಡು ಮಾಡಬಾರದೆಂಬ ಗುರುತಿನೊಂದಿಗೆ ಕಳಿಸುತ್ತವೆ. ಐಪಿ ಹೆಡರ್‌ನ 20, ಪಿಂಗ್ ಬಳಸುವ ಐಸಿಎಂಪಿಯ 8 ಸೇರಿದರೆ 9000. ಒಟ್ಟು 16,256 ಜೋಡಿ, ಕೆಲವೇ ನಿಮಿಷದ ಕೆಲಸ.

200 ಮಿಲಿಸೆಕೆಂಡಿನ ಗುಡ್ಡ

ಬ್ಯಾಕಪ್‌ಗಳಿಗೆ ಮೂರು ನಕಲು ದುಬಾರಿ ಎಂದು 8+3 ಇರೇಷರ್ ಕೋಡಿಂಗ್ ಪೂಲ್ ಇಟ್ಟಿದ್ದೇವೆ. ಒಂದು ಆಬ್ಜೆಕ್ಟನ್ನು ಎಂಟು ತುಂಡು ಮಾಡಿ, ಮೂರು ಹೆಚ್ಚುವರಿ ತುಂಡು ಸೇರಿಸಿ, ಹನ್ನೊಂದು ನೋಡ್‌ಗೆ ಹಂಚುವುದು. ಒಂದು ರ‍್ಯಾಕ್‌ಗೆ ಮೂರಕ್ಕಿಂತ ಹೆಚ್ಚು ತುಂಡು ಬೀಳದಂತೆ ನೋಡಿಕೊಂಡರೆ ಇಡೀ ರ‍್ಯಾಕ್ ಹೋದರೂ ಡೇಟಾ ಉಳಿಯುತ್ತದೆ. ಬರೆಯುವಾಗ ಯಾವ ತಕರಾರೂ ಇರಲಿಲ್ಲ. ಓದುವಾಗ ಶುರುವಾಯಿತು.

ಓದುವ ಸಮಯಗಳನ್ನು ಹಿಸ್ಟೋಗ್ರಾಂ ಮಾಡಿದರೆ ಎರಡು ಗುಡ್ಡ. ಮೊದಲನೆಯದು 3 ಮಿಲಿಸೆಕೆಂಡ್ ಆಸುಪಾಸು, ಅದು ಸರಿ. ಎರಡನೆಯದು ಸಣ್ಣದು, ಆದರೆ 200 ಮಿಲಿಸೆಕೆಂಡ್‌ಗೆ ಅಂಟಿಕೊಂಡಂತೆ ನಿಂತಿತ್ತು. ನಡುವೆ ಬಯಲು. ಡಿಸ್ಕ್ ನಿಧಾನವಾಗಿದ್ದರೆ ಸಮಯಗಳು ಹರಡಿಕೊಳ್ಳುತ್ತವೆ, ಹೀಗೆ ಒಂದು ದುಂಡು ಅಂಕಿಯ ಮೇಲೆ ಸಾಲುಗಟ್ಟುವುದಿಲ್ಲ. ದುಂಡು ಅಂಕಿ ಕಂಡರೆ ಯಾವುದೋ ಟೈಮರ್ ಎಂದೇ ಹುಡುಕಬೇಕು. ಲಿನಕ್ಸ್ ಟಿಸಿಪಿ ಕಳೆದುಹೋದ ಪ್ಯಾಕೆಟ್‌ಗಾಗಿ ಕಾಯುವ ಕನಿಷ್ಠ ಅವಧಿ 200 ಮಿಲಿಸೆಕೆಂಡ್.

ನಡೆಯುತ್ತಿದ್ದದ್ದು ಇಷ್ಟು. ಒಂದು ಆಬ್ಜೆಕ್ಟ್ ಓದಲು ಪ್ರೈಮರಿ ನೋಡ್ ತನ್ನ ತುಂಡು ಬಿಟ್ಟು ಉಳಿದ ಏಳನ್ನು ಏಳು ನೋಡ್‌ಗಳಿಂದ ಕೇಳುತ್ತದೆ. ಏಳೂ ಒಂದೇ ಕ್ಷಣದಲ್ಲಿ ಉತ್ತರಿಸುತ್ತವೆ. ಅಂಥ ಹತ್ತಾರು ಆಬ್ಜೆಕ್ಟ್‌ಗಳ ಓದು ಏಕಕಾಲಕ್ಕೆ ನಡೆದಿರುತ್ತದೆ. ನಾಲ್ಕು 100 ಜಿ ಅಪ್‌ಲಿಂಕ್‌ಗಳಿಂದ ಬಂದ ಪ್ಯಾಕೆಟ್‌ಗಳೆಲ್ಲ ಲೀಫ್‌ನ ಒಂದು 25 ಜಿ ಪೋರ್ಟ್‌ನಲ್ಲಿ ಇಳಿಯಬೇಕು. ಕಿರಿದಾದ ಬಾಗಿಲಿಗೆ ಜಾತ್ರೆಯೇ ನುಗ್ಗಿದ ಹಾಗೆ. ಬಫರ್ ತುಂಬುತ್ತದೆ, ಬಾಲದ ಪ್ಯಾಕೆಟ್‌ಗಳು ಬೀಳುತ್ತವೆ. ನಡುವಿನ ಪ್ಯಾಕೆಟ್ ಬಿದ್ದರೆ ಹಿಂದಿನಿಂದ ಬಂದವು ಸುಳಿವು ಕೊಡುತ್ತವೆ, ಟಿಸಿಪಿ ತಕ್ಷಣ ಮರುಕಳಿಸುತ್ತದೆ. ಕೊನೆಯದೇ ಬಿದ್ದರೆ ಸುಳಿವು ಕೊಡಲು ಹಿಂದೆ ಯಾರೂ ಇಲ್ಲ. ಆಗ ಟೈಮರ್ ಒಂದೇ ಗತಿ. ನಮ್ಮಲ್ಲಿ ಪ್ಯಾಕೆಟ್ ಹೋಗಿ ಬರಲು 80 ಮೈಕ್ರೋಸೆಕೆಂಡ್ ಸಾಕು. 200 ಮಿಲಿಸೆಕೆಂಡ್ ಎಂದರೆ ಅದರ 2500 ಪಟ್ಟು. ಏಳರಲ್ಲಿ ಆರು ತುಂಡು ಬಂದು ಕೂತಿವೆ, ಏಳನೆಯದಕ್ಕಾಗಿ ಎಲ್ಲವೂ ಕಾಯುತ್ತಿವೆ.

ದೊಡ್ಡ ಬಫರಿನ ಸ್ವಿಚ್ ತನ್ನಿ ಎಂಬ ಸಲಹೆ ಬಂತು. ಅದು ಬೀಳುವುದನ್ನು ತಡೆದು ಕಾಯುವುದನ್ನು ಹೆಚ್ಚಿಸುತ್ತದೆ. ಸಾಲು ಉದ್ದವಾಗುವ ಮೊದಲೇ ಕಳಿಸುವವರಿಗೆ ತಿಳಿಸುವುದು ಮೇಲು ಎಂದು ಡಿಸಿಟಿಸಿಪಿ ಕಡೆ ಹೋದೆ. 2010ರಲ್ಲಿ ಪ್ರಕಟವಾಗಿ, ನಂತರ ಆರ್‌ಎಫ್‌ಸಿ 8257 ಆದ ವಿಧಾನ ಇದು. ಸ್ವಿಚ್‌ನ ಸಾಲು ಒಂದು ಮಿತಿ ದಾಟಿದರೆ ಪ್ಯಾಕೆಟ್‌ನಲ್ಲಿ ದಟ್ಟಣೆ ಇದೆ ಎನ್ನುವ ಇಸಿಎನ್ ಗುರುತು ಹಾಕುತ್ತದೆ, ಕಳಿಸುವವನು ಎಷ್ಟು ಪಾಲು ಪ್ಯಾಕೆಟ್‌ಗೆ ಗುರುತು ಬಿತ್ತೋ ಅದಕ್ಕೆ ತಕ್ಕಷ್ಟೇ ವೇಗ ಇಳಿಸುತ್ತಾನೆ. ನಮ್ಮ ಪೋರ್ಟ್‌ಗೆ 25 ಜಿ ಮತ್ತು 80 ಮೈಕ್ರೋಸೆಕೆಂಡ್ ಗುಣಿಸಿದರೆ 250 ಕಿಲೋಬೈಟ್. ಮಿತಿಯನ್ನು 200 ಕಿಲೋಬೈಟ್‌ಗೆ ಇಟ್ಟೆವು. ಸಾಮಾನ್ಯ ಟಿಸಿಪಿ ಜೊತೆ ಒಂದೇ ಸಾಲಿನಲ್ಲಿ ಡಿಸಿಟಿಸಿಪಿ ಸರಿಯಾಗಿ ಬಾಳುವುದಿಲ್ಲ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ಅದಕ್ಕಾಗಿ ಸ್ಟೋರೇಜ್ ಟ್ರಾಫಿಕ್‌ಗೆ ಪ್ರತ್ಯೇಕ ಕ್ಯೂ ಕೊಟ್ಟು, ಸ್ಟೋರೇಜ್ ವಿಳಾಸಗಳ ರೂಟ್‌ಗೆ ಮಾತ್ರ ಡಿಸಿಟಿಸಿಪಿ ಹಚ್ಚಿದೆವು. ಅದೇ ರೂಟ್‌ನಲ್ಲಿ ಕನಿಷ್ಠ ಕಾಯುವಿಕೆಯನ್ನೂ 50 ಮಿಲಿಸೆಕೆಂಡ್‌ಗೆ ಇಳಿಸಿದೆ. ಇನ್ನೂ ಇಳಿಸಬಹುದಿತ್ತು. ಆದರೆ ಎದುರಿನವನು ತನ್ನ ಸ್ವೀಕೃತಿಯನ್ನು 40 ಮಿಲಿಸೆಕೆಂಡ್‌ವರೆಗೆ ತಡೆಹಿಡಿಯಬಹುದು, ಅದಕ್ಕಿಂತ ಕೆಳಗಿಳಿದರೆ ಬೀಳದ ಪ್ಯಾಕೆಟ್ಟನ್ನೂ ಮತ್ತೆ ಕಳಿಸುವ ಅಪಾಯವಿತ್ತು.

ಮರುದಿನದ ಹಿಸ್ಟೋಗ್ರಾಂನಲ್ಲಿ ಎರಡನೇ ಗುಡ್ಡ ಇರಲಿಲ್ಲ. ಮೊದಲನೆಯದು ಬಲಕ್ಕೆ ಒಂದಿಷ್ಟು ಅಗಲವಾಗಿತ್ತು, ಅಷ್ಟೇ.

ಆರೋಗ್ಯವಾಗಿದ್ದ ರ‍್ಯಾಕ್

ಒಂದು ತಿಂಗಳು ನೆಮ್ಮದಿಯಾಗಿ ಓಡಿದ ಮೇಲೆ ಸರ್ವರ್‌ಗಳ ಸಿಆರ್‌ಸಿ ಕೌಂಟರ್ (ದಾರಿಯಲ್ಲಿ ಕೆಟ್ಟು ಬಂದ ಫ್ರೇಮ್‌ಗಳ ಎಣಿಕೆ) ಏರತೊಡಗಿತು. ಗಂಟೆಗೆ ಹತ್ತಿಪ್ಪತ್ತು. ಒಂದು, ಎರಡು ಮತ್ತು ನಾಲ್ಕನೇ ರ‍್ಯಾಕ್‌ಗಳಲ್ಲಿ ಅಲ್ಲೊಂದು ಇಲ್ಲೊಂದು ಎಂದು ಎಲ್ಲ ಸರ್ವರ್‌ಗಳಲ್ಲೂ. ಮೂರನೇ ರ‍್ಯಾಕ್ ಮಾತ್ರ ಶುದ್ಧ, ಒಂದೂ ಇಲ್ಲ.

ಸಿಆರ್‌ಸಿ ಎಂದರೆ ಕೇಬಲ್ ಎಂಬ ಅಭ್ಯಾಸದಿಂದ ಮೊದಲು ಎರಡು ಸರ್ವರ್‌ಗಳ ತಾಮ್ರದ ಕೇಬಲ್ ಬದಲಿಸಿದೆವು. ಏನೂ ಆಗಲಿಲ್ಲ. ಕಾರ್ಡ್ ಬದಲಿಸಿದೆವು. ಊಹೂಂ. ಮೂರು ರ‍್ಯಾಕ್‌ನ ಕೇಬಲ್‌ಗಳು ಒಂದೇ ವಾರದಲ್ಲಿ ಕೆಡುವುದು ಹೇಗೆ ಎಂದು ಕೂತು ಯೋಚಿಸಿದಾಗ ನೆನಪಾಯಿತು, ನಮ್ಮ ಸ್ವಿಚ್‌ಗಳು ಕಟ್-ಥ್ರೂ.

ಸ್ಟೋರ್-ಅಂಡ್-ಫಾರ್ವರ್ಡ್ ಸ್ವಿಚ್ ಇಡೀ ಫ್ರೇಮ್ ಪಡೆದು, ಕೊನೆಯ ನಾಲ್ಕು ಬೈಟ್‌ನ ಸಿಆರ್‌ಸಿ ತಾಳೆ ನೋಡಿ, ಕೆಟ್ಟಿದ್ದರೆ ಅಲ್ಲೇ ಎಸೆಯುತ್ತದೆ. ಕಟ್-ಥ್ರೂ ಸ್ವಿಚ್ ಹೆಡರ್ ಓದಿದ ಕೂಡಲೇ ಮುಂದಕ್ಕೆ ಕಳಿಸಲು ಶುರುಮಾಡುತ್ತದೆ. ಫ್ರೇಮ್ ಕೆಟ್ಟಿದೆ ಎಂದು ಅದಕ್ಕೆ ತಿಳಿಯುವ ಹೊತ್ತಿಗೆ ಮುಕ್ಕಾಲು ಭಾಗ ಆಚೆ ಹೋಗಿಯಾಗಿರುತ್ತದೆ. 100ರಿಂದ 100ಕ್ಕೂ 100ರಿಂದ 25ಕ್ಕೂ ಹೀಗೆ ಕಳಿಸಬಹುದು. 25ರಿಂದ 100ಕ್ಕೆ ಆಗುವುದಿಲ್ಲ, ವೇಗದ ಪೋರ್ಟ್‌ಗೆ ನಡುವೆ ಬೈಟ್ ಸಾಲದೆ ಹೋಗುತ್ತದೆ. ಅಂದರೆ ಸರ್ವರ್‌ನ ಕೇಬಲ್ ಕೆಟ್ಟರೆ ದೋಷ ಲೀಫ್‌ನಲ್ಲೇ ನಿಲ್ಲುತ್ತದೆ. ಲೀಫ್‌ನಿಂದ ಸ್ಪೈನ್‌ಗೆ ಹೋಗುವ ಲಿಂಕ್ ಕೆಟ್ಟರೆ ಕೆಟ್ಟ ಫ್ರೇಮ್ ಸ್ಪೈನ್ ದಾಟಿ, ಇನ್ನೊಂದು ಲೀಫ್ ದಾಟಿ, ಯಾವುದೋ ಸರ್ವರ್‌ವರೆಗೂ ಹೋಗುತ್ತದೆ.

ಹಾಗಾದರೆ ದೋಷ ಕಾಣುವ ಮೂರು ರ‍್ಯಾಕ್‌ಗಳು ಬಲಿಪಶು. ಕೆಟ್ಟದ್ದನ್ನು ಕಳಿಸುತ್ತಿರುವುದು ಶುದ್ಧವಾಗಿ ಕಾಣುವ ಮೂರನೆಯದು.

ಅದರ ಲೀಫ್‌ಗಳು ಐದು ಮತ್ತು ಆರು. ನಾಲ್ಕೂ ಸ್ಪೈನ್‌ಗಳಲ್ಲಿ ಇವುಗಳಿಂದ ಬರುವ ಪೋರ್ಟ್‌ಗಳ ಒಳಬರುವ ದೋಷಗಳನ್ನು ನೋಡುತ್ತ ಹೋದೆವು. ಮೂರನೇ ಸ್ಪೈನ್, ಐದನೇ ಲೀಫ್‌ನಿಂದ ಬರುವ ಪೋರ್ಟ್: ಸಾವಿರಗಟ್ಟಲೆ. ಐದನೇ ಲೀಫ್‌ನ ಒಳಬರುವ ಎಲ್ಲ ಪೋರ್ಟ್: ಸೊನ್ನೆ. ಲಿಂಕ್‌ನ ಒಂದು ತುದಿಯಲ್ಲಿ ಶುದ್ಧವಾಗಿ ಹೊರಟು ಇನ್ನೊಂದು ತುದಿಯಲ್ಲಿ ಕೆಟ್ಟು ಬರುತ್ತಿದೆ.

ಫೈಬರ್‌ಗೆ ಬೆಳಕು ಕಳಿಸುವ ಎಸ್‌ಆರ್4 ಮಾಡ್ಯೂಲ್, ಬೆಳಕಿನ ನಾಲ್ಕು ಲೇನ್. ಬೆಳಕಿನ ಮಟ್ಟ ಓದಿದರೆ ಮೂರು ಲೇನ್ −2 ಡಿಬಿಎಂ ಸುತ್ತ, ಒಂದು ಲೇನ್ −8, ಅಂದರೆ ಬಹಳ ಮಂಕು. ಹಲವು ಫೈಬರ್‌ಗಳನ್ನು ಒಟ್ಟಿಗೆ ಜೋಡಿಸುವ ಎಂಪಿಒ ಕನೆಕ್ಟರ್ ಬಿಚ್ಚಿ ಸ್ಕೋಪ್‌ಗೆ ಒಡ್ಡಿದೆವು. ಪರದೆಯ ಮೇಲೆ ಹನ್ನೆರಡು ಫೈಬರ್‌ಗಳ ಸಾಲು, ಬೂದು ಬಣ್ಣದ ಸಣ್ಣ ಸಣ್ಣ ಚಂದ್ರರು. ಅವುಗಳಲ್ಲಿ ಒಂದರ ನಡು ಮಧ್ಯೆ ಎಳೆಯಂಥ ಕಪ್ಪು ಕಸ. ಕ್ಲೀನರ್ ಒತ್ತಿ ಒಂದು ಸಲ ಕ್ಲಿಕ್ ಮಾಡಿ ಮತ್ತೆ ನೋಡಿದರೆ ಹನ್ನೆರಡೂ ಬೆಳಗುತ್ತಿದ್ದವು. ತಂತಿ ಎಳೆಯುವ ದಿನ ಅವಸರದಲ್ಲಿ ಆ ಒಂದು ತುದಿಯನ್ನು ಒರೆಸದೆ ಚುಚ್ಚಿದ್ದೆವು ಎಂದು ಕಾಣುತ್ತದೆ.

ನನಗೆ ಹೆಚ್ಚು ಕೊರೆದದ್ದು ಇನ್ನೊಂದು. ಈ ಲಿಂಕ್‌ಗಳಲ್ಲಿ ಆರ್‌ಎಸ್-ಎಫ್‌ಇಸಿ ಇದೆ, ಸಣ್ಣ ದೋಷಗಳನ್ನು ಅದೇ ತಿದ್ದುತ್ತದೆ. ತಿದ್ದಿದ್ದೆಷ್ಟು ಎಂಬ ಕೌಂಟರ್ ಮೊದಲ ದಿನದಿಂದಲೇ ಆ ಪೋರ್ಟ್‌ನಲ್ಲಿ ಉಳಿದವುಗಳಿಗಿಂತ ಬಹಳ ಮೇಲಿತ್ತು. ನಾವು ನೋಡುತ್ತಿರಲಿಲ್ಲ. ಈಗ ಆ ಕೌಂಟರ್‌ಗೆ ಗ್ರಾಫ್ ಇದೆ, ಅಲರ್ಟ್ ಇದೆ, ಹೊಸ ಫೈಬರ್ ಚುಚ್ಚಿದ ಒಂದು ಗಂಟೆಯ ನಂತರ ಅದನ್ನು ಓದಿ ಸಹಿ ಹಾಕುವ ಕಾಲಂ ಕೂಡ ಇದೆ.

ಕಿತ್ತು ನೋಡಿದ ದಿನ

ಪೂರ್ತಿ ಭಾರ ಹಾಕಿ ಎರಡನೇ ಸ್ಪೈನ್‌ನ ಎರಡೂ ಪವರ್ ಕೇಬಲ್ ಕಿತ್ತೆ. ಲಿಂಕ್ ಬಿದ್ದದ್ದು ಲೀಫ್‌ಗಳಿಗೆ ತಕ್ಷಣ ತಿಳಿಯಿತು, ಓದು-ಬರಹದ ಗ್ರಾಫ್‌ನಲ್ಲಿ ಸಣ್ಣ ಗೀರು ಕೂಡ ಮೂಡಲಿಲ್ಲ. ಇದು ಸುಲಭದ ಸಾವು. ಕಷ್ಟದ್ದು, ದೀಪ ಉರಿಯುತ್ತಲೇ ಪ್ಯಾಕೆಟ್ ಸಾಗಿಸುವುದನ್ನು ನಿಲ್ಲಿಸಿದ ಸ್ವಿಚ್. ಅದಕ್ಕೆ ಬಿಎಫ್‌ಡಿ (ಆಚೆ ತುದಿ ಬದುಕಿದೆಯೇ ಎಂದು ಆಗಾಗ ಸಂದೇಶ ಕಳಿಸಿ ನೋಡುವ ಪ್ರೋಟೋಕಾಲ್), 300 ಮಿಲಿಸೆಕೆಂಡಿಗೊಂದರಂತೆ ಬರುವ ಮೂರು ಸಂದೇಶ ತಪ್ಪಿದರೆ ದಾರಿ ಬಿಡು ಎಂದು. ಒಂದು ಫಿಲ್ಟರ್ ಹಾಕಿ ಅಂಥ ಸ್ಥಿತಿ ಸೃಷ್ಟಿಸಿದಾಗ ಒಂದು ಸೆಕೆಂಡಿನೊಳಗೆ ಟ್ರಾಫಿಕ್ ಬೇರೆ ದಾರಿ ಹಿಡಿಯಿತು. ರಿಪೇರಿಗೆಂದು ನಾವೇ ಸ್ವಿಚ್ ಇಳಿಸುವಾಗ ಇಷ್ಟೂ ಬೇಡ. ಈ ದಾರಿ ಮುಚ್ಚಲಿದೆ ಎಂದು ಸಾರುವ ಬಿಜಿಪಿ ಗುರುತು, ಗ್ರೇಸ್‌ಫುಲ್ ಶಟ್‌ಡೌನ್ ಕಮ್ಯುನಿಟಿ 65535:0 ಹಚ್ಚಿ ಎರಡು ನಿಮಿಷ ಬಿಟ್ಟರೆ ಅದು ತಾನಾಗಿ ಖಾಲಿಯಾಗುತ್ತದೆ.

ಆಮೇಲೆ ಹಳೆಯ ರಾತ್ರಿಯ ಪರೀಕ್ಷೆ. ಒಂದು ಸ್ಟೋರೇಜ್ ನೋಡ್ ಆಫ್ ಮಾಡಿ, ಅದನ್ನು ಹೊರಗೆಂದು ಗುರುತು ಹಾಕಿ, ಹಿಂದೆಯೇ ಒಂದು ಸ್ಪೈನ್ ಕೂಡ ಇಳಿಸಿದೆವು. ಎರಡೂ ಒಟ್ಟಿಗೆ. ರೀಬಿಲ್ಡ್ ಮುಗಿಯಲು ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಆ ಅವಧಿಯಲ್ಲಿ ಬಳಕೆದಾರರ ಬರಹಗಳಲ್ಲಿ ಶೇ 99ರಷ್ಟು ಮುಗಿಯುವ ಸಮಯ 3ರಿಂದ 5 ಮಿಲಿಸೆಕೆಂಡ್‌ಗೆ ಹೋಯಿತು, ಅಲ್ಲೇ ನಿಂತಿತು. ಸ್ಟೋರೇಜ್ ತಂಡದವರು ಪರದೆಯ ಮುಂದಿಂದ ಎದ್ದದ್ದು ಕೊನೆಯ ಆಬ್ಜೆಕ್ಟ್ ಸರಿಯಾದ ಮೇಲೆ.

ಐದನೇ ರ‍್ಯಾಕ್

ಕಳೆದ ವಾರ ಐದನೇ ರ‍್ಯಾಕ್ ಬಂತು. ಒಂಬತ್ತು ಮತ್ತು ಹತ್ತನೇ ಲೀಫ್, ಎಂಟು ಫೈಬರ್, ಪ್ರತಿಯೊಂದರ ಎರಡೂ ತುದಿ ಸ್ಕೋಪ್‌ನಲ್ಲಿ ನೋಡಿಯೇ ಚುಚ್ಚಿದ್ದು. ಬಿಜಿಪಿ ಸೆಷನ್‌ಗಳು ತಾವಾಗಿ ಎದ್ದವು, ಹಳೆಯ ಸ್ವಿಚ್‌ಗಳಲ್ಲಿ ಒಂದು ಸಾಲು ಕಾನ್ಫಿಗರೇಷನ್ ಕೂಡ ಮುಟ್ಟಲಿಲ್ಲ. ಈಗ ಸರ್ವರ್ 160, ದೊಡ್ಡ ಪಿಂಗ್‌ನ ಜೋಡಿಗಳು 25,440. ಎಫ್‌ಇಸಿ ಕಾಲಂನಲ್ಲಿ ಎಂಟೂ ಸಹಿ ಬಿದ್ದ ಮೇಲೆ ಹೊಸ ನೋಡ್‌ಗಳಿಗೆ ಡೇಟಾ ಹರಿಯಲು ಬಿಟ್ಟೆವು. ಸ್ಪೈನ್‌ಗಳಲ್ಲಿ ತಲಾ 22 ಪೋರ್ಟ್ ಖಾಲಿ ಇವೆ. ಲೀಫ್‌ಗಳ ನಾಲ್ಕು ಖಾಲಿ ಅಪ್‌ಲಿಂಕ್‌ಗಳಿಗೆ ಇನ್ನೂ ಧೂಳು ಮುಚ್ಚಳ ಹಾಕಿಯೇ ಇಟ್ಟಿದ್ದೇವೆ.